ಗೌಸಮೊಹಿದ್ದೀನ ಮುರಿದ ಬಿದಿರ ಮೊಳಕೆಗಳು

ಕರಜಗಿಯ ಗೌಸಮೊಹಿದ್ದೀನ ಮದುವೆಗಳಿಗೆ ಹಂದರ ಹಾಕುವವನು. ಅವನಿಗೆ ಬೇಕಾದ ಬಿದಿರ ಗಳಗಳೆಲ್ಲ ಬರುತ್ತಿದ್ದದ್ದು ಗೌರಾಬಾಯಿಯ ಹೊಲದಂಚಿನ ಹಳ್ಳದಿಂದ. ಸುತ್ತಲಿನ ಎರೆಭೂಮಿಯಲ್ಲಿ ಬಿದಿರು ಅಪರೂಪ. ತೇವವಿದ್ದೂ ನೀರು ನಿಲ್ಲದ ಆ ಹಳ್ಳದ ದಂಡೆಯಲ್ಲಿ ಮಾತ್ರ ಒಂದು ಮೆಳೆ ಹಬ್ಬಿತ್ತು. ಅದರ ಬೇರುಗಳು ಬಲೆಯಂತೆ ಹೆಣೆದು ದಂಡೆಯ ಮಣ್ಣನ್ನು ಹಿಡಿದಿದ್ದವು.

ಗೌರಾಬಾಯಿಯ ಕಟ್ಟಳೆ ಒಂದೇ. "ಒಳಗಿನ ಬಲ್ತ ಗಳ ಒಯ್ಯಿ, ಗೌಸು. ಮಳಿಗಾಲದಾಗ ಮಾತ್ರ ಕಾಲಿಡಬ್ಯಾಡ."

ಆಗ ಮೆಳೆಯ ಸುತ್ತ ಹೊಸ ಮೊಳಕೆಗಳು ಏಳುತ್ತವೆ. ಕಂದು ರೋಮದ ಪೊರೆ ಹೊದ್ದು, ಗಳದ ಪೂರ್ತಿ ದಪ್ಪದಲ್ಲೇ ನೆಲದಿಂದ ಹೊರಬರುತ್ತವೆ. ಆಮೇಲೆ ಬೆಳೆಯುವುದು ಎತ್ತರ ಮಾತ್ರ, ಅದೂ ಒಂದೇ ಮಳೆಗಾಲದಲ್ಲಿ. ಕಾಲು ತಾಗಿದರೂ ಮುರಿಯುವಷ್ಟು ಎಳೆಯವು.

ಹೋದ ಶ್ರಾವಣದಲ್ಲಿ ಚೌಡಾಪುರದ ಮದುವೆಯೊಂದಕ್ಕೆ ಗಳ ಸಾಲಲಿಲ್ಲ. ಗೌರಾಬಾಯಿ ಊರಲ್ಲಿರಲಿಲ್ಲ. ಅವನು ಮೆಳೆಗೆ ನುಗ್ಗಿ, ಒಳಗಿನ ಗಳ ಕಡಿದು ಹೊರಗೆಳೆದ. ಮೊಳಕೆಗಳು ಲಟಕ್ಕೆಂದು ಮುರಿಯುವುದು ಕೇಳಿಸಿತು. ಆದರೂ ನಿಲ್ಲಲಿಲ್ಲ.

ಹಳೆಯ ಮೋಟುಗಳ ನಡುವೆ ಹೊಸ ಕಡಿತ ಯಾರ ಕಣ್ಣಿಗೂ ಬೀಳಲಿಲ್ಲ. ಗೌರಾಬಾಯಿ ಬಂದವಳೇ ಮುರಿದ ಮೊಳಕೆಗಳನ್ನು ಕಂಡು ಸೊಸೆ ಭಾಗ್ಯಜ್ಯೋತಿಯ ಮೇಲೆ ಹರಿಹಾಯ್ದಳು. "ನಿನ್ನ ಆಡು ಹೊಕ್ಕು ಹಾಳ ಮಾಡ್ಯಾವ." ಕಟ್ಟಿಹಾಕಿದ್ದೆ ಎಂದರೂ ನಂಬದೆ, ಆಡುಗಳನ್ನು ಸೊಸೆಯ ತವರಿಗೆ ಕಳಿಸಿಬಿಟ್ಟಳು. ಅವನ್ನು ಟೆಂಪೊಗೆ ಹತ್ತಿಸಲು ಕೈಜೋಡಿಸಿದವನು ಗೌಸಮೊಹಿದ್ದೀನನೇ.

"ಭಾಳ ಉಪಕಾರ ಆತ್ರಿ ಚಾಚಾ," ಎಂದು ಭಾಗ್ಯಜ್ಯೋತಿ ಕಣ್ಣೊರೆಸಿಕೊಂಡಳು.

ಅಂದಿನಿಂದ ಅವನು ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು ಸುತ್ತುಹಾದಿ ಹಿಡಿದ. ದಸರಾ ಕಳೆದ ಮೇಲೆ ಒಂದು ಮುಂಜಾನೆ ತಾನಾಗಿಯೇ ಹೋಗಿ ಅಂಗಳದಲ್ಲಿ ನಿಂತ.

"ಅವ್ವಾ, ಆಡಿಂದೇನೂ ತಪ್ಪಿಲ್ರಿ. ಗಳ ಎಳಿಯಾಗ ನಾನೇ ಮುರದೇನಿ."

ಗೌರಾಬಾಯಿ ಬಾಗಿಲ ಕಡೆ ಕೈ ಮಾಡಿದಳು. "ನನಗ್ಯಾಕ ಹೇಳ್ತಿ? ಅಕಿಗಿ ಹೇಳು."

ಭಾಗ್ಯಜ್ಯೋತಿ ಬಾಗಿಲಲ್ಲೇ ಇದ್ದಳು. "ಆಡು ಹತ್ತಸೂ ಮುಂದ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

ಅವಳು ಒಳಗೆ ಹೋದಳು.

ಮರುದಿನ ಗೌರಾಬಾಯಿಯೇ ಸೊಸೆಯ ತವರಿಗೆ ಹೋಗಿ ಆಡುಗಳನ್ನು ಕರೆತಂದಳು. ಭಾಗ್ಯಜ್ಯೋತಿ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ ಮರಿ ಅಷ್ಟರಲ್ಲಿ ಅಲ್ಲಿಯೇ ಸತ್ತಿತ್ತು.

ಗೌರಾಬಾಯಿ ಮತ್ತೆ ಒಯ್ಯಿ ಅಂದರೂ ಅವನು ಈಗ ಗಳಗಳನ್ನು ಕಲಬುರಗಿಯಿಂದ ತರುತ್ತಾನೆ. ಭಾಗ್ಯಜ್ಯೋತಿ ಆಡು ಹೊಡೆದುಕೊಂಡು ಎದುರಾದರೆ ಗಾಡಿ ನಿಲ್ಲಿಸಿ, ಅವಳು ದಾಟುವವರೆಗೂ ತಲೆ ಎತ್ತುವುದಿಲ್ಲ.