ಕುಡುಗೋಲಿನ ಜೊತೆ ತೊಳೆದ ಫೋನು

ನನ್ನ ಬಾಯಿ ಸರಿಯಿಲ್ಲ. ಇದನ್ನು ಹುಮನಾಬಾದಿನ ಅರ್ಧ ಊರು ಹೇಳುತ್ತದೆ. ಉಳಿದರ್ಧ ಇನ್ನೂ ನನ್ನ ಅಂಗಡಿಗೆ ಬಂದಿಲ್ಲ. ಹೆಸರು ಮಹೆಬೂಬ. ಮಾಣಿಕನಗರದಲ್ಲಿ ಆಟೋಗಳು ನಿಲ್ಲುವ ಜಾಗದ ಎದುರಿಗೆ ಹದಿನಾಲ್ಕು ವರ್ಷದಿಂದ ಮೊಬೈಲ್ ರಿಪೇರಿ ಮಾಡಿಕೊಂಡಿದ್ದೇನೆ. ಜನ ಫೋನನ್ನು ಬಾವಿಗೆ ಬೀಳಿಸಿಕೊಂಡು ಬರುತ್ತಾರೆ, ಎಮ್ಮೆಯ ಕಾಲಡಿ ಹಾಕಿಕೊಂಡು ಬರುತ್ತಾರೆ, ಆಮೇಲೆ ನನ್ನೆದುರು ನಿಂತು, "ಏನೂ ಮಾಡಿಲ್ರಿ ಭಾಯ್, ಇಟ್ಟಲ್ಲೇ ಬಂದ್ ಬಿತ್ತು" ಅನ್ನುತ್ತಾರೆ. ಸಿಟ್ಟು ಬರದೆ ಇರುತ್ತದೆಯೇ? ಬೈಯುತ್ತೇನೆ. ಬೈದು ರಿಪೇರಿ ಮಾಡಿಕೊಡುತ್ತೇನೆ. ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ ಎಂದು ನನ್ನ ಅಮ್ಮಿ ಹೇಳುತ್ತಿದ್ದಳು. ಹೋದ ವರ್ಷ ದಸರೆ ಮುಗಿದ ವಾರ ಅದು ಹೊರಳಬಾರದ ಕಡೆ ಹೊರಳಿತು.

ಅವತ್ತು ಗುರುವಾರ. ಮಾಣಿಕನಗರದ ಮಠದ ದರ್ಶನಕ್ಕೆ ಬಂದವರ ಗದ್ದಲ, ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ಬಂದಳು. ನನ್ನ ಅಂಗಡಿಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಫೋನು ತೆಗೆದು ಕೌಂಟರಿನ ಮೇಲೆ ಇಟ್ಟಳು.

"ತಮ್ಮಾ, ಇದು ಏಳವಲ್ದು. ಕಲ್ಯಾಣದಾಗ ತೋರಿಸ್ದೆ, ಒಗದ್ ಬಿಡು ಅಂದ್ರು. ಹುಮನಾಬಾದಿನಾಗ ಮಹೆಬೂಬ ಅಂತ ಅದಾನ, ಸತ್ತಿದ್ದೂ ಎಬ್ಬಸ್ತಾನ ಅಂತ ನಮ್ಮೂರಾಗ ಹೇಳಿದ್ರು."

ಹೊಗಳಿದರೆ ಯಾರಿಗೆ ಬೇಡ? ಫೋನು ಎತ್ತಿಕೊಂಡೆ. ಬಟನ್ ಒತ್ತಿ ಹಿಡಿದು ಇಪ್ಪತ್ತು ಎಣಿಸಿದೆ. ಅಲುಗಾಡಲಿಲ್ಲ. ನನ್ನ ಚಾರ್ಜರ್ ಹಾಕಿದೆ, ವಯರು ಬದಲಿಸಿ ಇನ್ನೊಂದು ಹಾಕಿದೆ. ಬೆಳಕಿಲ್ಲ. ಚಾರ್ಜಿಂಗ್ ತೂತಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಏನೋ ಕೆಂಪಗೆ ಕಂಡಿತು. ಸೂಜಿ ಹಾಕಿ ಕೆದಕಿದರೆ ಕುಂಕುಮದ ಹೆಂಟೆ.

"ಇದೇನ್ರಿ ಅವ್ವಾ, ಕುಂಕುಮಾ?"

"ಹೌದ್ ತಮ್ಮಾ. ದಸರಿಗಿ ಆಯುಧದ ಜೋಡಿ ಖಂಡೆ ಪೂಜಾಕ್ಕ ಇಟ್ಟಿದ್ದೆ."

"ಬರೇ ಕುಂಕುಮ ಹಚ್ಚಿದ್ರ ಇದು ಸಾಯಂಗಿಲ್ಲ. ಮತ್ತೇನ್ ಮಾಡೀರಿ, ಖರೇ ಹೇಳ್ರಿ."

"ತೊಳದೆ. ಕುಡಗೋಲು, ಕುರ್ಪಿ ತೊಳದ್ನಲ್ಲ, ಅವುರ ಜೋಡಿ ಇದನ್ನೂ ತೊಳದೆ. ಪೂಜಾ ಆದಮ್ಯಾಲ ಒರಸಿ ಚಾರ್ಜಿಗಿ ಹಾಕ್ದೆ."

ನನ್ನ ತಲೆ ಕೆಟ್ಟುಹೋಯಿತು. ನೀರು ಹೊಕ್ಕ ಫೋನಿಗೆ ಕರೆಂಟು ಕೊಡಬೇಡಿ ಎಂದು ಎಷ್ಟು ಜನಕ್ಕೆ ಬಾಯಿ ಬಡಿದುಕೊಂಡಿದ್ದೇನೆ! "ಇದೇನ್ ಎಮ್ಮೀ ಏನ್ರಿ, ಮೈ ತೊಳೀಲಿಕ್ಕ? ನೀರ್ ಹಾಕಿ, ಮ್ಯಾಲಿಂದ ಕರೆಂಟ್ ಕೊಟ್ಟು ಕೈಯಾರ ಕೊಂದೀರಿ ನೋಡ್ರಿ ಇದನ್ನ! ಫೋನಿಗ್ಯಾರ ಖಂಡೆ ಪೂಜಾ ಮಾಡ್ತಾರ?"

ಕಾದು ನಿಂತ ಗಿರಾಕಿಗಳು ನಕ್ಕರು. ಆಕೆ ನಗಲಿಲ್ಲ, ಅಳಲೂ ಇಲ್ಲ. ಕೌಂಟರಿನ ಗಾಜಿನ ಮೇಲೆ ಬಿದ್ದ ಕುಂಕುಮವನ್ನು ಬೆರಳಿನಿಂದ ಒರಸಿದಳು.

"ನನ್ನ ಮಗಳು ದುಡಿಯೋ ಸಾಮಾನಿತ್ತು ತಮ್ಮಾ ಇದು. ಅಕಿ ಇಲ್ಲ ಈಗ. ಅಕೀ ಸಾಮಾನಿಗಿ ಪೂಜಾ ಯಾರ್ ಮಾಡಬೇಕು, ಹೇಳು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಎಲ್ಲರಿಗೂ ಗೊತ್ತು. ಬಾಯಿ ಬಿಡುವಾಗ ಮಾತ್ರ ನೆನಪಾಗುವುದಿಲ್ಲ. ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿದೆ. ಆಕೆಯನ್ನು ಸ್ಟೂಲಿನ ಮೇಲೆ ಕೂಡಿಸಿದೆ.

ಹೆಸರು ಮೀರಾಬಾಯಿ. ನಾರಾಯಣಪುರದಲ್ಲಿ ಹುಟ್ಟಿ ಮೋರಖಂಡಿಗೆ ಸೊಸೆಯಾಗಿ ಬಂದವಳು. ಗಂಡ ಸೂರ್ಯಕಾಂತ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ರೂಪಾಲಿಗೆ ನಾಲ್ಕು ವರ್ಷ. ಅಲ್ಲಿಂದ ಕಂಡವರ ಹೊಲದಲ್ಲಿ ಕಳೆ ತೆಗೆದು, ಸೋಯಾ ಕೊಯ್ದು, ತೊಗರಿ ಬಡಿದು ಮಗಳನ್ನು ಪಿಯುಸಿ ಪಾಸು ಮಾಡಿಸಿದಳು. ತನಗೆ ಮಾತ್ರ ಒಂದಕ್ಷರ ಬಾರದು. ರೂಪಾಲಿಗೆ ಊರಿನಲ್ಲಿ ಬೆಳೆ ಸಮೀಕ್ಷೆಯ ಕೆಲಸ ಸಿಕ್ಕಿತು. ಯಾರ ಹೊಲದಲ್ಲಿ ಏನು ಬಿತ್ತಿದ್ದಾರೆ ಎಂದು ಹೊಲ ಹೊಲ ತಿರುಗಿ ಫೋನಿನಲ್ಲಿ ಫೋಟೋ ತೆಗೆದು ಸರ್ಕಾರಕ್ಕೆ ಕಳಿಸುವ ಕೆಲಸ ಅದು. "ನಮ್ಮವ್ವ ಕುಡಗೋಲ್ ತಗೊಂಡ್ ಹೊಲಕ್ಕ ಹೋಗ್ತಾಳ, ನಾ ಫೋನ್ ತಗೊಂಡ್ ಹೋಗ್ತೀನಿ" ಎಂದು ಹುಡುಗಿ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಳಂತೆ.

ಬದುವಿನ ಮೇಲೆ ನಡೆಯುತ್ತ ಬರೆದುಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೆ ರೂಪಾಲಿ ಪ್ರತಿ ಹೊಲದ ವಿವರವನ್ನು ಬಾಯಿಂದ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿದ್ದಳು. ಅಂಥವು ಇನ್ನೂರರ ಮೇಲಿದ್ದವು. ಆ ದಸರೆಯ ಹಿಂದಿನ ವರ್ಷದ ಭಾದ್ರಪದದಲ್ಲಿ ಸೋಯಾ ಹೊಲದೊಳಗೆ ಹಾವು ಕಚ್ಚಿತು. ಕಲ್ಯಾಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಡುಗಿ ಇರಲಿಲ್ಲ. ಫೋನು ಮಾತ್ರ ಕೈಯಲ್ಲಿತ್ತು.

ಆಮೇಲಿನ ಒಂದು ವರ್ಷ ಮೀರಾಬಾಯಿ ದಿನಾ ಹೊಲದಿಂದ ಬಂದು, ಒಲೆ ಹೊತ್ತಿಸಿ, ಆ ರೆಕಾರ್ಡುಗಳನ್ನು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಎಲ್ಲಿ ಒತ್ತಬೇಕೆಂದು ಮಗಳೇ ಕಲಿಸಿಹೋಗಿದ್ದಳು. ಅವುಗಳಲ್ಲಿ ಅವ್ವನಿಗೆಂದು ಹೇಳಿದ ಒಂದು ಮಾತೂ ಇಲ್ಲ. ನನಗೆ ಗೊತ್ತಾಗಲೆಂದು ಮೀರಾಬಾಯಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಒಂದನ್ನು ಹೇಳಿ ತೋರಿಸಿದಳು. "ಸರ್ವೆ ನಂಬರ್ ಎಂಬತ್ನಾಲ್ಕು, ಹಿಸ್ಸಾ ಎರಡು. ಸೋಯಾ. ನಡುವ ನಾಲ್ಕ್ ಸಾಲು ತೊಗರಿ. ಬಸವಣಪ್ಪ ಕಾಕಾನ ನಾಯಿ ಬೆನ್ನ ಹತ್ತ್ಯಾದ... ಏ ಹಚಾ, ಹಚಾ!" ಮಗಳು ಎಲ್ಲಿ ಏದುಸಿರು ಬಿಟ್ಟಿದ್ದಳೋ ಅಲ್ಲಿ ತಾನೂ ಏದುಸಿರು ಬಿಟ್ಟಳು. ನನಗೆ ಆ ಕಡೆ ನೋಡಲಾಗಲಿಲ್ಲ.

"ಮಾತೆಲ್ಲಾ ನನಗ ಬಾಯಿಗಿ ಬರ್ತಾವ ತಮ್ಮಾ," ಅಂದಳು. "ದನೀ ಬರವಲ್ದು. ಅದೊಂದು ತೆಗದ್ ಕೊಡು."

ಮೆಮೊರಿ ಕಾರ್ಡ್ ಇದೆಯೇ ನೋಡಿದೆ. ಇರಲಿಲ್ಲ. ಸರ್ಕಾರಕ್ಕೆ ಹೋದದ್ದು ಬೆಳೆಯ ಫೋಟೋ ಮಾತ್ರ. ದನಿ ಪೂರಾ ಫೋನಿನ ಹೊಟ್ಟೆಯಲ್ಲೇ ಉಳಿದಿತ್ತು. ಹೊರಗೆ ಬರಬೇಕಾದರೆ ಫೋನು ಒಂದು ಸಲವಾದರೂ ಎದ್ದು, ಲಾಕು ತೆರೆಯಬೇಕು. ಬೇರೆ ದಾರಿಯಿಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ರಿಪೇರಿಗೆ ಬಂದ ಪ್ರತಿ ಫೋನಿನ ಬೆನ್ನಿಗೂ ಕಾಗದದ ಟೇಪು ಅಂಟಿಸಿ ಮೂರು ಸಂಗತಿ ಬರೆಯುತ್ತೇನೆ: ಹೆಸರು, ನಂಬರು, ಲಾಕು. ಹದಿನಾಲ್ಕು ವರ್ಷದಲ್ಲಿ ತಪ್ಪಿಸಿದ್ದಿಲ್ಲ. ಅವತ್ತು ಮೀರಾಬಾಯಿ ಎಂದು ಬರೆದೆ, ಆಕೆಯ ಪಕ್ಕದ ಮನೆಯ ಉಜ್ವಲಾಳ ನಂಬರು ಬರೆದೆ. ಅಷ್ಟಕ್ಕೇ ಬಿಟ್ಟೆ. ನಾಚಿಕೆಯಾಗಿತ್ತು. ಆಕೆ ಕಣ್ಣೆದುರಿನಿಂದ ಬೇಗ ಹೋದರೆ ಸಾಕಾಗಿತ್ತು. "ಹೋಗಿ ಬರ್ರಿ ಅವ್ವಾ, ಮುಂದಿನ ಗುರುವಾರ ಬರ್ರಿ" ಅಂದುಬಿಟ್ಟೆ.

ಬಿಚ್ಚಿ ನೋಡಿದರೆ ಬೋರ್ಡಿನ ತುಂಬ ಹಸಿರು ಕಿಲುಬು. ಔಷಧದಲ್ಲಿ ತೊಳೆದೆ, ಬ್ರಶ್ಶಿನಿಂದ ತಿಕ್ಕಿದೆ, ಬಿಸಿಗಾಳಿ ಹಿಡಿದು ಒಣಗಿಸಿದೆ. ಸುಟ್ಟ ಬಿಡಿಭಾಗಗಳನ್ನು ಒಂದೊಂದೇ ಕಿತ್ತು, ಅದೇ ಮಾಡೆಲ್ಲಿನ ಹಳೆಯ ಫೋನಿನಿಂದ ತೆಗೆದು ಕೂರಿಸಿದೆ. ಗುರುವಾರ ಬರುತ್ತಿತ್ತು, ಮೀರಾಬಾಯಿ ಬರುತ್ತಿದ್ದಳು, ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳು: "ಎದ್ದಿತೇನ್ ತಮ್ಮಾ?" ಇನ್ನೂ ಇಲ್ಲ ಅವ್ವಾ ಎನ್ನುತ್ತಿದ್ದೆ. ಕಲ್ಯಾಣದ ಬಸ್ಸು ಹಿಡಿದು ಹೋಗುತ್ತಿದ್ದಳು. ಒಂದು ದಿನವೂ ಲಗೂ ಮಾಡು ಅನ್ನಲಿಲ್ಲ.

ಮೂರನೆಯ ವಾರ, ಸೋಮವಾರ ಮಧ್ಯಾಹ್ನ. ಬ್ಯಾಟರಿ ಬದಿಗಿಟ್ಟು, ಕರೆಂಟು ಕೊಡುವ ಮಷೀನಿನ ಎರಡು ವಯರುಗಳನ್ನು ನೇರವಾಗಿ ಬೋರ್ಡಿಗೆ ಹಿಡಿದು ಬಟನ್ ಒತ್ತಿದೆ. ಫೋನು ಒಮ್ಮೆ ಗುರ್ ಎಂದಿತು. ಪರದೆಯಲ್ಲಿ ಬೆಳಕು ಬಂತು. ಯಾ ಅಲ್ಲಾ! ಕುರ್ಚಿಯಿಂದ ಎದ್ದುಬಿಟ್ಟೆ. ಕಂಪನಿಯ ಹೆಸರು ಬಂತು, ಹೋಯಿತು, ಗಡಿಯಾರ ಬಂತು, ಅದರ ಕೆಳಗೆ ಲಾಕಿನ ಒಂಬತ್ತು ಚುಕ್ಕೆ ಬಂದವು. ಟೇಪು ತಿರುಗಿಸಿ ನೋಡಿದೆ. ಲಾಕಿನ ಜಾಗ ಖಾಲಿ.

ಉಜ್ವಲಾಗೆ ಫೋನು ಹಚ್ಚಿದೆ. "ತಂಗೀ, ನಾ ಮಾಣಿಕನಗರದಿಂದ ಮಹೆಬೂಬ. ಮೀರಾಬಾಯಿ ಎಲ್ಲಿ? ಫೋನ್ ಎದ್ದಾದ, ಲಾಕ್ ಕೇಳಾಕತ್ತದ, ಲಗೂನ!"

"ಅಯ್ಯ, ಅಕಿ ಜೋಳದ ಹೊಲಕ್ಕ ಕಳೇ ತೆಗ್ಯಾಕ ಹೋಗ್ಯಾಳ್ರಿ. ತಡೀರಿ, ಓಡ್ತೀನಿ!"

ಓಡಿದಳು ಪಾಪ. ಚಪ್ಪಲಿಯ ಸಪ್ಪಳ, ಉಸಿರು, ಎಲ್ಲ ನನ್ನ ಕಿವಿಗೆ ಕೇಳುತ್ತಿತ್ತು. ಇತ್ತ ಬೋರ್ಡಿನ ಮೂಲೆಯ ಒಂದು ಚಿಪ್ ಕಾಯತೊಡಗಿತು. ವಯರು ತೆಗೆದರೆ ತಣ್ಣಗಾಗುತ್ತದೆ, ಆದರೆ ಮತ್ತೆ ಏಳುವ ಭರವಸೆ ಇಲ್ಲ. ತೆಗೆಯದಿದ್ದರೆ ಸುಡುತ್ತದೆ. ನಾನು ತೆಗೆಯಲಿಲ್ಲ. ಜನ ಸಾಮಾನ್ಯವಾಗಿ ಇಡುವ ಲಾಕುಗಳನ್ನೆಲ್ಲ ಎಳೆದು ನೋಡಿದೆ. ಐದು ಸಲ ತಪ್ಪಾಯಿತು, ಮೂವತ್ತು ಸೆಕೆಂಡು ಕಾಯಿರಿ ಎಂದಿತು. ಸುಟ್ಟ ವಾಸನೆ ಬರಹತ್ತಿತು. ನನ್ನ ಫೋನಿನಲ್ಲಿ "ಮೀರಕ್ಕಾ! ಏ ಮೀರಕ್ಕಾ!" ಎಂದು ಉಜ್ವಲಾ ಕೂಗುವುದು ಕೇಳಿತು. ಮೀರಾಬಾಯಿಯ ದನಿ ಬರುವುದಕ್ಕೆ ಸ್ವಲ್ಪವೇ ಮೊದಲು ರೂಪಾಲಿಯ ಫೋನಿನ ಪರದೆ ಕಪ್ಪಾಯಿತು.

"ತಮ್ಮಾ, ಕುಡಗೋಲ್ ಹಂಗ ಬರಿ," ಅನ್ನುತ್ತಿದ್ದಳು. "ನನಗ ನೆಪ್ಪ ಇರ್ಲಿ ಅಂತ ಕುಡಗೋಲಿನ ಗುರ್ತ ಇಟ್ಟಾಳ. ಹಿಡಿ ಕೆಳಗಿಂದ ಮ್ಯಾಲ, ಆಮ್ಯಾಲ ಬಾಗು... ತೆರೀತೇನ್ ತಮ್ಮಾ? ತೆರೀತೇನ್?"

"ಗುರುವಾರ ಬರ್ರಿ ಅವ್ವಾ" ಎಂದು ಫೋನು ಇಟ್ಟುಬಿಟ್ಟೆ. ಊರೆಲ್ಲ ಬೈಯುವ ಬಾಯಿ, ಅದು ಸುಟ್ಟಿತು ಎಂಬ ಒಂದು ಮಾತು ಹೇಳಲಾರದೆ ಹೋಯಿತು.

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಆ ಫೋನು ಮತ್ತೆ ಏಳಲಿಲ್ಲ. ಒಳಗಿನ ದೊಡ್ಡ ಚಿಪ್ಪೇ ಸುಟ್ಟಿತ್ತು. ಅದು ಹೋದರೆ ಒಳಗಿದ್ದದ್ದೆಲ್ಲ ಹೋದಂತೆ.

ಗುರುವಾರ ಮೀರಾಬಾಯಿ ಬಂದಳು. ಎಲ್ಲ ಹೇಳಿದೆ. ಮೊದಲ ದಿನವೇ ಲಾಕು ಕೇಳಿದ್ದರೆ ದನಿ ಉಳಿಯುತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. "ನೀರಿಂದು ತಪ್ಪಲ್ಲ ಅವ್ವಾ. ನೀವು ಕೊಂದಿಲ್ಲ. ನಾ ಕೊಂದೆ. ಬೈರಿ ನನಗ," ಅಂದೆ. ಬೈದರೆ ಹಗುರಾಗುತ್ತದೆ ಎಂದು ಕಾದೆ. ಆಕೆ ಬೈಯಲಿಲ್ಲ. ಫೋನಿನ ಮೇಲೆ ಅಂಗೈ ಇಟ್ಟಳು.

"ಎಷ್ಟೊತ್ತ ಎದ್ದಿತ್ತು?"

"ಏಳೆಂಟ್ ನಿಮಿಷ."

"ಮ್ಯಾಲ ಅಕೀ ಫೋಟೋ ಇರ್ತದ, ಚುಕ್ಕಿ ಹಿಂದ. ಬಂದಿತ್ತೇನ್?"

ಬಂದಿರಲೇಬೇಕು ಎಂದುಕೊಂಡು ಹೂಂ ಅಂದೆ.

"ಕಡೀಕ್ ನೋಡಿದಂವ ನೀನ ತಮ್ಮಾ. ಹ್ಯಾಂಗಿದ್ಲು, ಹೇಳು."

ನಾನು ನೋಡಿರಲಿಲ್ಲ. ಒಂಬತ್ತು ಚುಕ್ಕೆ ನೋಡಿದ್ದೆ, ಗಡಿಯಾರ ನೋಡಿದ್ದೆ, ಮಷೀನಿನ ಮೇಲಿನ ಅಂಕಿ ನೋಡಿದ್ದೆ. ಏಳೆಂಟು ನಿಮಿಷ ಆ ಹುಡುಗಿ ನನ್ನ ಅಂಗೈಯಗಲದ ದೂರದಲ್ಲಿದ್ದಳು, ನಾನು ಮುಖ ನೋಡಿರಲಿಲ್ಲ. ಅದನ್ನು ಆ ತಾಯಿಗೆ ಹ್ಯಾಗೆ ಹೇಳಲಿ?

"ನೋಡ್ದೆ ಅವ್ವಾ," ಅಂದೆ. "ಭಾಳ ಚಂದ ಇದ್ಲು. ನಗಾಕತ್ತಿದ್ಲು."

ಮೀರಾಬಾಯಿ ತಲೆಯೆತ್ತಿ ನನ್ನನ್ನೇ ನೋಡಿದಳು.

"ಅದರಾಗ ಅಕಿ ನಗಾಕತ್ತಿಲ್ಲ ತಮ್ಮಾ. ಹೊಲದಾಗ ನಿಂತ್ ತಕ್ಕೊಂಡಿದ್ದು. ಬಿಸಲಿಗಿ ಕಣ್ಣ ಸಣ್ಣ ಮಾಡ್ಯಾಳ."

ನಾನು ತಲೆ ತಗ್ಗಿಸಿದೆ. ಆಕೆ ಫೋನನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿಕೊಂಡಳು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದವಳು ಅಲ್ಲೇ ನಿಂತು ಹಿಂತಿರುಗಿದಳು.

"ಇರ್ಲಿ ಬಿಡು ತಮ್ಮಾ," ಅಂದಳು. "ನನ್ನ ಮುಂದ ಒಂದ್ ವರ್ಷ ಹಂಗ ಇದ್ಲು. ನಿನ್ನ ಮುಂದಾರ ನಕ್ಕಳಲ್ಲ."