ವೈನಿಯ ತಾಟು ಬಿದ್ದ ಜಾಗ

ಆಟದಲ್ಲಿ ನಾನು ಸೋಲುವವಳಲ್ಲ. ಕೇರಂ, ಚೌಕಾಬಾರ, ರಿಂಗು, ಯಾವುದನ್ನೇ ತನ್ನಿ, ಎದುರಿಗಿದ್ದವರ ಮುಖ ಸಣ್ಣದಾಗುವವರೆಗೆ ಬಿಡುವುದಿಲ್ಲ. ಹಾಗಾಗಿ ಸದಾಶಿವನಗರದ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ ಶುರುವಾದಾಗ ಎರಡನೇ ಯೋಚನೆ ಮಾಡಲಿಲ್ಲ. ಒಂದು ಕಬ್ಬಿಣದ ಕಂಬ, ಅದಕ್ಕೆ ಇಳಿಬಿಟ್ಟ ಸರಪಳಿಗಳು, ಕೆಳಗೊಂದು ಬುಟ್ಟಿ. ದೂರದಿಂದ ಪ್ಲಾಸ್ಟಿಕ್ ತಾಟನ್ನು ಒಗೆಯುತ್ತಾ ಹೋಗಿ ಆ ಬುಟ್ಟಿಗೆ ಬೀಳಿಸಬೇಕು, ಎಷ್ಟು ಕಡಿಮೆ ಸಲ ಒಗೆದರೆ ಅಷ್ಟು ಒಳ್ಳೆಯದು. ಹೊಸಬರಿಗೆಂದೇ ಇಟ್ಟ ಒಂಬತ್ತು ಬುಟ್ಟಿಗಳು. ಇದರಲ್ಲೇನಿದೆ ಮಹಾ?

ಅವತ್ತು ರವಿವಾರ ಬೆಳಿಗ್ಗೆ ವೈನಿಯನ್ನೂ ಕರೆದುಕೊಂಡು ಹೋದೆ. ವೈನಿ ಎಂದರೆ ತೀರಿಹೋದ ನಮ್ಮ ಅಣ್ಣನ ಹೆಂಡತಿ, ನಮ್ಮೂರಿಗೆ ಹತ್ತಿರದ ಖಾನಾಪುರದ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಆರು ತಿಂಗಳ ಹಿಂದೆ ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಸೋತಿದ್ದವು. ಮದುವೆಯಾಗದೆ, ಬ್ಯಾಂಕಿನ ನೌಕರಿ ಮುಗಿಸಿ ಒಬ್ಬಳೇ ಇದ್ದ ನಾನು ಆಸ್ಪತ್ರೆಯಿಂದ ಅವರನ್ನು ಸೀದಾ ನನ್ನ ಮನೆಗೆ ಕರೆತಂದೆ. ಕಾಲು ಸುಧಾರಿಸಿತು, ಕೈ ಅಷ್ಟಾಗಿ ಇಲ್ಲ. ಅವರ ರಜೆ ಅವತ್ತಿಗೆ ಮುಗಿಯುತ್ತಿತ್ತು. ನೌಕರಿ ಬಿಟ್ಟು ಅವರು ನನ್ನ ಜೊತೆಗೇ ಇರಬೇಕೆಂದು ನಾನು ತೀರ್ಮಾನಿಸಿಯಾಗಿತ್ತು. ಅವರು ಒಪ್ಪಿರಲಿಲ್ಲ, ಒಲ್ಲೆ ಎಂದೂ ಅಂದಿರಲಿಲ್ಲ. ನಾನು ಹೇಳಿದ ಮೇಲೆ ಒಪ್ಪದೇ ಏನು ಮಾಡುತ್ತಾರೆ?

ಪಾರ್ಕಿನಲ್ಲಿ ಆಟ ಕಲಿಸುತ್ತಿದ್ದವರು ಉರ್ದು ಶಾಲೆಯ ನಿವೃತ್ತ ಪಿ.ಟಿ. ಮಾಸ್ತರರು. “ಅಕ್ಕಾರ, ತಾಟ ಎಲ್ಲಿ ಬೀಳ್ತೈತಿ, ಮುಂದಿಂದು ಅಲ್ಲಿಂದನ ಒಗೀಬೇಕ್ರಿ,” ಎಂದು ನನ್ನ ಕೈಗೊಂದು ತಾಟು ಕೊಟ್ಟರು. ವೈನಿಗೆ ಬೆಂಚು ತೋರಿಸಿದೆ. ಅವರು ಕೂರಲಿಲ್ಲ. “ನಂಗೂ ಒಂದ ಕೊಡ್ರಿ,” ಎಂದು ಎಡಗೈ ಚಾಚಿದರು.

ನನ್ನ ಮೊದಲ ಒಗೆತ ಸೀದಾ ಕಣಗಿಲ ಗಿಡದೊಳಗೆ ಹೋಯಿತು. “ಗಾಳಿ ಭಾಳ ಐತ್ರಿ,” ಅಂದೆ.

“ಕುಣಿಲಾರದಾಕಿ ನೆಲ ಡೊಂಕ ಅಂದಿದ್ಲಂತ,” ಎಂದರು ವೈನಿ. ಆರು ತಿಂಗಳಲ್ಲಿ ಅವರು ಚೇಷ್ಟೆ ಮಾಡಿದ್ದು ಅದೇ ಮೊದಲು. ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು.

ಆಮೇಲೆ ಅವರು ಒಗೆದರು. ತಾಟು ಹತ್ತು ಹೆಜ್ಜೆ ಆಚೆ ಬಿತ್ತು. ನನ್ನ ಕಾಲುಗಳು ತಾವಾಗಿಯೇ ಓಡಿದವು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಹಿರಿಯರ ಕೈಯಿಂದ ಏನೇ ಬಿದ್ದರೂ ಕಿರಿಯರು ಎತ್ತಿಕೊಡಬೇಕಿತ್ತು, ನೋಡುತ್ತಾ ನಿಂತವಳಿಗೆ ಅವ್ವನಿಂದ ಬೈಗುಳ ಖಾತ್ರಿ. ತಾಟನ್ನು ಸೆರಗಿನಲ್ಲಿ ಒರೆಸಿ, ತಂದು ಕೈಗಿಟ್ಟೆ. “ತಗೋರಿ ವೈನಿ, ಇನ್ನೊಮ್ಮಿ ಒಗೀರಿ.” ಎರಡನೆಯದೂ ಅಷ್ಟೇ ದೂರ ಹೋಯಿತು. ಈ ಸಲ ಅವರಿಗೆ ನಡೆಯುವ ತ್ರಾಸು ಬೇಡವೆಂದು ತಾಟನ್ನು ಬುಟ್ಟಿಯ ಬುಡದಲ್ಲೇ ಇಟ್ಟು ಬಂದೆ.

ಮಾಸ್ತರರು ಕೆಮ್ಮಿದರು. “ಹಂಗ ಮಾಡಿದ್ರ ಅದು ಅವರ ಆಟ ಆಗೂದಿಲ್ರಿ ಅಕ್ಕಾರ.”

“ದೊಡ್ಡವರ ಕೈಯಾಗಿಂದ ಬಿದ್ದದ್ದು ನೋಡಕೋತ ನಿಂದರ್ಲೇನ್ರಿ?” ಎಂದು ಅವರ ಮೇಲೆಯೇ ಹರಿಹಾಯ್ದೆ. ನನಗೆ ರೀತಿ ಕಲಿಸಲು ಬಂದರಲ್ಲ!

ಎರಡನೇ ಬುಟ್ಟಿಯ ಹತ್ತಿರ ವೈನಿಯ ತಾಟು ಎತ್ತಲು ಮತ್ತೆ ಬಗ್ಗಿದ್ದೆ. “ನನ್ನ ತಾಟ ಮುಟ್ಟಬ್ಯಾಡ!”

ಅದು ಇಡೀ ಶಾಲೆಯ ಗದ್ದಲ ಅಡಗಿಸುವ ಧ್ವನಿ. ವಾಕಿಂಗ್ ಬಂದವರೆಲ್ಲ ನಿಂತು ನೋಡಿದರು.

“ಆರು ತಿಂಗಳಾತು,” ಎಂದರು ವೈನಿ. “ನೀರಿನ ಗ್ಲಾಸ ಕೈಗೆ ತಂದ ಕೊಡ್ತಿ, ಚಪ್ಪಲಿ ಕಾಲಿಗೆ ಹಾಕ್ತಿ. ಈಗ ನನ್ನ ನೌಕರಿನೂ ನೀನ ಬಿಡಸಾಕ ಹತ್ತಿ. ಬಿದ್ದದ್ದು ನಂದ ಐತಿ. ನಾ ಹೋಗಿ ತಗೋತೀನಿ.”

ಶಿವ ಶಿವಾ, ಮಾಡಿದ್ದೇ ತಪ್ಪಾಯಿತೇ! ನನ್ನ ಸರದಿ ಬಂದಾಗ ಒಗೆದೆ, ಅವರ ಸರದಿಯಲ್ಲಿ ಕೈಕಟ್ಟಿ ನಿಂತೆ. ಹಾಗೆ ನಿಲ್ಲುವುದು ಎಷ್ಟು ಕಷ್ಟವೆಂದು ನನಗೇ ಗೊತ್ತು. ಅವರು ಬಲಗಾಲು ಎಳೆಯುತ್ತಾ ತಾಟಿನವರೆಗೆ ನಡೆದರು. ಗಿಡ ಹಿಡಿದು ಬಗ್ಗಿದರು, ಎತ್ತಿದರು, ಒಗೆದರು. ಮತ್ತೆ ನಡೆದರು. ಐದನೇ ಬುಟ್ಟಿಯ ಹೊತ್ತಿಗೆ ಗಿಡ ಹಿಡಿಯುವುದನ್ನು ಬಿಟ್ಟಿದ್ದರು. ಒಂಬತ್ತನೆಯದಕ್ಕೆ ಹನ್ನೊಂದು ಸಲ ಒಗೆದು, ಕೊನೆಗೆ ಸರಪಳಿ ಝಣ್ ಅಂದಾಗ ಮಾಸ್ತರರು “ಶಾಬ್ಬಾಸ್!” ಎಂದು ಕೂಗಿದರು. ಗೆದ್ದದ್ದು ನಾನು, ಅದೂ ಬಹಳ ಅಂತರದಿಂದ. ನನಗೆ ಯಾರೂ ಏನೂ ಅನ್ನಲಿಲ್ಲ.

ಬೆಂಚಿನ ಮೇಲೆ ಕೂತು ವೈನಿ ಬೆವರು ಒರೆಸಿಕೊಂಡರು. “ನಾಳೆ ಸಾಲಿಗೆ ಹಾಜರ ಆಗ್ತೀನಿ.”

“ಬರಿಯೂದ ಹ್ಯಾಂಗ್ರಿ?”

“ಎಡಗೈಲೆ ಕಲಿತೀನಿ. ಒಂದನೇ ಕ್ಲಾಸಿನ ಹುಡುಗರ ಜೋಡಿ ನಂದೂ ಒಂದ ಬರಿಯೂ ಪಾಟಿ.”

“ಮಕ್ಕಳ ಮುಂದ ಬಿದ್ರ?”

“ಅವು ದಿನಾ ನನ್ನ ಮುಂದ ಬೀಳ್ತಾವ. ಅವುಕ್ಕೇನ ಮರ್ಯಾದಿ ಹೋಗೈತಿ?”

ವಾದದಲ್ಲೂ ನಾನು ಸೋಲುವವಳಲ್ಲ. ಇನ್ನೂ ನಾಲ್ಕು ಕಾರಣ ತಯಾರಿದ್ದವು. ಆದರೆ ಬಾಯಿ ತೆರೆದಾಗ ಬಂದದ್ದೇ ಬೇರೆ: “ನೀವು ಹ್ವಾದ್ರ ನಾ ಒಬ್ಬಾಕಿ ಮನ್ಯಾಗ ಏನ ಮಾಡ್ಲಿ?”

ಅಂದಮೇಲೆ ನಾಚಿಕೆಯಾಯಿತು. ಆರು ತಿಂಗಳು ಅವರಿಗಾಗಿ ದುಡಿದೆ ಅಂದುಕೊಂಡಿದ್ದವಳು ನಾನು.

ವೈನಿ ಎಡಗೈಯನ್ನು ನನ್ನ ಬೆನ್ನ ಮೇಲಿಟ್ಟರು. “ಶನಿವಾರ ಬಸ್ ಹತ್ತಿ ಖಾನಾಪುರಕ್ಕ ಬಾ. ಚಾ ನಾ ಮಾಡ್ತೀನಿ. ನೀ ಅಡಗಿಮನಿಗೆ ಬರದ ಸುಮ್ಮ ಕುಂದರಬೇಕು. ಆಗ್ತೈತೇನ ನಿನ್ನ ಕಡಿಂದ?”

ಆಗುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಗ್ತೈತ್ರಿ ಅಂದೆ.