ಅಕ್ಕನ ಅಂಗಡಿಯ ಹಿಂಬಾಗಿಲು

ಬೆಂಕಿ ಬಾಗಿಲಿನ ಸಾಮಾನಿಗೆ ನನ್ನ ಹತ್ತಿರ ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಕೀಲಿ ಎಲ್ಲಿ ಹಾಕುವುದು? ಬೆಂಕಿ ಬಿದ್ದಾಗ ಜನ ಹೊರಗೆ ಓಡಲಿಕ್ಕೆ ಇರುವ ಬಾಗಿಲು ಇದು, ಇದಕ್ಕೆ ಕೀಲಿ ಇರುವುದಿಲ್ಲ ಅಂದರೆ ನನ್ನ ಮುಖವನ್ನೇ ನೋಡುತ್ತಾರೆ, ನಾನೇನೋ ಕಳ್ಳರ ಕಡೆಯವಳು ಅನ್ನುವ ಹಾಗೆ. ಮೊದಮೊದಲು ಸಮಾಧಾನದಿಂದ ಹೇಳುತ್ತಿದ್ದೆ. ಈಗ ಆಗುವುದಿಲ್ಲ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಹೆದ್ದಾರಿ ಬದಿಯ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ದುಡ್ಡಿನ ಗಲ್ಲೆಯ ಮುಂದೆ ಕೂತು ನಾನು ಬೈದಷ್ಟು ಈ ಊರಿನಲ್ಲಿ ಯಾವ ವ್ಯಾಪಾರಸ್ಥರೂ ಗಿರಾಕಿಗೆ ಬೈದಿರಲಿಕ್ಕಿಲ್ಲ. ನಾನು ಶುರುಮಾಡಿದರೆ ಸಾಕು, ನನ್ನ ಯಜಮಾನರು ಏನೋ ನೆನಪಾದವರ ಹಾಗೆ ಎದ್ದು ಗೋದಾಮಿನ ಕಡೆ ನಡೆದುಬಿಡುತ್ತಾರೆ.

ಬೈಯುವುದನ್ನು ನನಗೆ ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ. ನನ್ನ ಭಾವನ, ಅಂದರೆ ಯಜಮಾನರ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಅವಳು ಭಾಲ್ಕಿ ಕಡೆಯಿಂದ ಬಂದವಳು, ನಾನು ಆಳಂದ ಕಡೆಯವಳು. ಈ ಮನೆಗೆ ಅವಳು ನನಗಿಂತ ಆರು ವರ್ಷ ಮುಂಚೆ ಸೊಸೆಯಾಗಿದ್ದಳು. ಆಗ ಮಾವನವರ ಅಂಗಡಿ ಒಂದೇ ಇತ್ತು. ಎಡಗಡೆ ಬಟ್ಟೆ, ಬಲಗಡೆ ಮೊಳೆ, ಬಿಜಾಗರಿ, ಚಿಲಕ. ಗಂಡಸರು ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆಯುವ ಹೊತ್ತಿನಲ್ಲಿ ನಾವಿಬ್ಬರೂ ಅಂಗಡಿಯಲ್ಲಿ ಕೂಡುತ್ತಿದ್ದೆವು. ನನಗೆ ಬಟ್ಟೆಯ ಕಡೆ ಆಸೆ, ಆದರೆ ಅಕ್ಕ ಬಿಡುತ್ತಿರಲಿಲ್ಲ. ಅವಳ ಜೀವವೆಲ್ಲ ಬಲಗಡೆಗೇ ಇತ್ತು. ಬಾಗಿಲನ್ನು ಚೌಕಟ್ಟಿಗೆ ಕೂಡಿಸುವ ಬಿಜಾಗರಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಕಣ್ಣು ಮುಚ್ಚಿಯೇ ಅದರ ತಗಡು ಎಷ್ಟು ದಪ್ಪ, ಎಷ್ಟು ಭಾರದ ಬಾಗಿಲು ತಡೆದೀತು ಎಂದು ಹೇಳಿಬಿಡುತ್ತಿದ್ದಳು. ಬಡಿಗರು ಅವಳನ್ನೇ ಕೇಳಿಕೊಂಡು ಗುಂಜೋಟಿಯಿಂದ ಬರುತ್ತಿದ್ದರು.

ನನಗೆ ಕಲಿಸಿದ್ದೂ ಹಾಗೆಯೇ, ಬೈದು ಬೈದು. ಮರದ ಸ್ಕ್ರೂ ತಗಡಿನ ಸ್ಕ್ರೂ ಡಬ್ಬಿಗೆ ಹಾಕಿದರೆ ಬೈಗುಳ, ಗಿರಾಕಿಯ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕೇಳದೆ ಚಿಲಕ ಕೊಟ್ಟರೆ ಬೈಗುಳ, ನೆಂಟರ ಮುಂದೆ ತಲೆ ಬಾಚದೆ ಬಂದರೆ ಬೈಗುಳ. ಹುಚ್ಚಿ ಅನ್ನುವುದು ನನ್ನ ಹೆಸರೇ ಆಗಿಹೋಗಿತ್ತು. ಒಮ್ಮೆ ನನಗೆ ಟೈಫಾಯ್ಡ್ ಆದಾಗ ಹನ್ನೊಂದು ದಿನ ನನ್ನ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು, ಗಂಜಿ ಕುಡಿಯಲಿಲ್ಲವೆಂದು ಹನ್ನೊಂದು ದಿನವೂ ಬೈದಳು. ಮನೆಯಲ್ಲಿ ಎಲ್ಲರೂ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದರು. ಅವಳ ಬೈಗುಳ ಮಾತ್ರ ಪೂರ್ತಿ ಕನ್ನಡ. ಜ್ವರದಲ್ಲಿ ಅದನ್ನು ಕೇಳುತ್ತ ಮಲಗಿದರೆ ತವರಿನಲ್ಲಿದ್ದ ಹಾಗೆ ಅನ್ನಿಸುತ್ತಿತ್ತು.

ಎಂಟು ವರ್ಷದ ಹಿಂದೆ ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹಿರಿಯರನ್ನು ಕೂರಿಸಿಕೊಂಡು ಮನೆ ಬೇರೆ ಮಾಡಿಕೊಂಡರು. ಜಗಳವಿರಲಿಲ್ಲ. ಬಟ್ಟೆ ವ್ಯಾಪಾರ ಭಾವನಿಗೆ, ಅವರು ಉದಗೀರಕ್ಕೆ ಹೋಗುವುದು. ಹಾರ್ಡ್‌ವೇರ್ ನನ್ನ ಯಜಮಾನರಿಗೆ, ನಾವು ಉಮರ್ಗಾದಲ್ಲೇ ಇರುವುದು. ಹೆಂಗಸರನ್ನು ಯಾರೂ ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಾವಿಬ್ಬರೂ ನಿಂತು ಕೇಳಿಸಿಕೊಂಡೆವು. ಹಾರ್ಡ್‌ವೇರ್ ತಮ್ಮನಿಗೆ ಅಂದ ಕೂಡಲೆ ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. ನಾನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹಾರ್ಡ್‌ವೇರ್ ಅವರಿಗಿರಲಿ, ನಾವು ಬಟ್ಟೆ ತೊಗೊಳ್ಳೋಣ ಎಂದು. ನನ್ನ ಯಜಮಾನರು ನನ್ನ ಮಾತು ಮೀರುವವರಲ್ಲ. ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಆ ಬಲಗಡೆಯ ರುಚಿ ನನಗೂ ಹತ್ತಿತ್ತು, ನಾನೇ ಗಲ್ಲೆಯ ಮುಂದೆ ಕೂಡಬೇಕು ಅನ್ನುವ ಆಸೆ ಹುಟ್ಟಿತ್ತು. ಆ ಆಸೆಯ ಮಾತನ್ನು ಇವತ್ತಿನವರೆಗೆ ಯಾರ ಮುಂದೆಯೂ ಹೇಳಿಲ್ಲ.

ಅಂದಿನಿಂದ ಅಕ್ಕ ನನಗೆ ಬೈದಿಲ್ಲ. ಮದುವೆ, ಮುಂಜಿ, ಜಂಗಮರ ಪಾದಪೂಜೆ ಅಂತ ಎಲ್ಲಾದರೂ ಸಿಗುತ್ತಾಳೆ. ಆರಾಮ ಅದೀರೇನ್ರಿ ಅನ್ನುತ್ತಾಳೆ. ಮಕ್ಕಳ ಬಗ್ಗೆ ಕೇಳುತ್ತಾಳೆ, ಎಲೆಯಡಿಕೆಯ ತಟ್ಟೆ ಮುಂದೆ ಹಿಡಿಯುತ್ತಾಳೆ. ಬೀಗರ ಜೊತೆ ಮಾತಾಡಿದಂತೆ ಮಾತಾಡಿ ಹೋಗುತ್ತಾಳೆ. ಮೈ ಉರಿಯುತ್ತಿತ್ತು ನನಗೆ. ಮನೆಗೆ ಬಂದು ಯಾರಿಗಾದರೂ ಬೈದ ಮೇಲೆಯೇ ಅದು ತಣ್ಣಗಾಗುತ್ತಿತ್ತು.

ಹೋದ ವರ್ಷ ಉದಗೀರದ ಒಬ್ಬ ಗುತ್ತಿಗೆದಾರ ಅಂಗಡಿಗೆ ಬಂದ. ಮೂರು ಮಜಲಿನ ಬಟ್ಟೆ ಅಂಗಡಿ ಕಟ್ಟುತ್ತಿದ್ದೇನೆ, ಅಗ್ನಿಶಾಮಕದವರ ಪರವಾನಗಿಗೆ ಹಿಂದಿನ ಮೆಟ್ಟಿಲ ಕಡೆ ಮಜಲಿಗೊಂದು ಬಾಗಿಲು ಬೇಕು, ಬಾಗಿಲ ಸಾಮಾನೆಲ್ಲ ಬೆಂಕಿ ತಡೆಯುವಂಥದ್ದೇ ಇರಬೇಕು ಅಂದ. ಯಾರ ಅಂಗಡಿ ಎಂದು ಕೇಳಿದೆ. ಭಾವನ ಹೆಸರು ಹೇಳಿದ. ಇದೆಲ್ಲ ಲಾತೂರಿನಲ್ಲೂ ಸಿಗುತ್ತದೆ, ಆದರೆ ಅವರ ಮನೆಯ ಯಜಮಾನಿಬಾಯಿ ಉಮರ್ಗಾದ ಇದೇ ಅಂಗಡಿಯಿಂದ ತರಬೇಕು ಎಂದು ಹಟ ಹಿಡಿದಿದ್ದಾರೆ ಅಂದ. ನಾನು ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದೆ.

ಆಮೇಲಿನ ಒಂದು ತಿಂಗಳು ನನಗೆ ಬೇರೆ ಕೆಲಸವೇ ಇರಲಿಲ್ಲ. ಹೈದರಾಬಾದಿನಿಂದ ನಾಲ್ಕು ತರಹದ ಪ್ಯಾನಿಕ್ ಬಾರ್ ತರಿಸಿದೆ. ಬಾಗಿಲಿಗೆ ಅಡ್ಡಲಾಗಿ ಸೊಂಟದ ಎತ್ತರಕ್ಕೆ ಕೂರಿಸುವ ಪಟ್ಟಿ ಅದು, ಮೈ ತಾಗಿಸಿ ಒತ್ತಿದರೆ ಚಿಲಕದ ನಾಲಿಗೆ ಒಳಗೆ ಸರಿದು ಬಾಗಿಲು ತೆರೆಯುತ್ತದೆ. ಒಂದರಲ್ಲಿ ನಾಲಿಗೆಯನ್ನು ಒಳಗೇ ನಿಲ್ಲಿಸಿಡುವ ತಿರುಪು ಇತ್ತು, ಹಗಲೆಲ್ಲ ಸುಲಭವಾಗಿ ಹೋಗಿಬರಲು. ಅವನ್ನು ತಂದಿದ್ದ ಕಂಪನಿಯವನು ಅದನ್ನೇ ದೊಡ್ಡದಾಗಿ ಹೊಗಳಿದ. ಬೆಂಕಿಯ ಬಾಗಿಲು ಪ್ರತಿ ಸಲವೂ ತಾನೇ ಮುಚ್ಚಿ, ನಾಲಿಗೆ ತಾನೇ ಕೂತು ಹೊಗೆ ತಡೆಯಬೇಕು, ಇದನ್ನು ತಂದು ನನಗೆ ಟೋಪಿ ಹಾಕುತ್ತೀಯಾ ಎಂದು ಅವನ ಚೀಲವನ್ನು ಅವನ ಕೈಗೇ ಕೊಟ್ಟು ಕಳಿಸಿದೆ. ಉಳಿದ ಮೂರನ್ನು ಗೋದಾಮಿನ ಹಲಗೆಗೆ ಜಡಿಸಿ ಒತ್ತಿ ನೋಡಿದೆ. ಕೈಯಿಂದಲ್ಲ, ಮೊಣಕೈಯಿಂದ. ಹಿಂದಿನ ವರ್ಷ ಒಂದು ಮದುವೆಯಲ್ಲಿ ಅಕ್ಕ ಪೇಢೆಯ ಡಬ್ಬಿ ತೆರೆಯಲು ಹೋಗಿ ಆಗದೆ ಪಕ್ಕದವರಿಗೆ ಕೊಟ್ಟದ್ದನ್ನು ದೂರದಿಂದ ನೋಡಿದ್ದೆ. ಅವಳ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ಅದಕ್ಕೇ ಎಲ್ಲಕ್ಕಿಂತ ಹಗುರವಾಗಿ ಒತ್ತುವ ಬಾರ್ ಆರಿಸಿದೆ. ಬಾಗಿಲನ್ನು ಹಿಂದಕ್ಕೆ ಎಳೆದು ಮುಚ್ಚುವ ಕ್ಲೋಸರ್ ಕೂಡ ಅವಳ ತಾಕತ್ತಿಗೆ ತಕ್ಕದ್ದು ನೋಡಿದೆ. ಕಾವಿಗೆ ಉಬ್ಬಿ ಸಂದು ಮುಚ್ಚುವ ಪಟ್ಟಿ, ಬಾಗಿಲಿಗೆ ಮೂರರಂತೆ ಉಕ್ಕಿನ ಬಿಜಾಗರಿ, ಬಾಗಿಲು ಮತ್ತು ಬಾರ್ ಎರಡನ್ನೂ ಕೂಡಿಸಿಯೇ ಬೆಂಕಿಯಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಪ್ರಮಾಣದ ಕಾಗದ, ಎಲ್ಲವನ್ನೂ ಎರಡೆರಡು ಸಲ ನೋಡಿದೆ. ಬಿಜಾಗರಿಗಳನ್ನು ಕಣ್ಣು ಮುಚ್ಚಿ ಹಿಡಿದು ನೋಡಿದೆ. ಅಕ್ಕನಷ್ಟು ನನಗೆ ಇನ್ನೂ ಬರುವುದಿಲ್ಲ.

ಬಾಗಿಲು ಹೊರಕ್ಕೆ ತೆರೆಯಬೇಕು ಎಂದು ಬರೆದು ಕಳಿಸುವಾಗ ದೊಡ್ಡ ಜಗಳವೇ ಆದೀತು ಅಂದುಕೊಂಡೆ. ನಮ್ಮ ಮಂದಿಯಲ್ಲಿ ಅಂಗಡಿಯ ಬಾಗಿಲು ಒಳಕ್ಕೇ ತೆರೆಯಬೇಕು, ಹೊರಕ್ಕೆ ತೆರೆದರೆ ಲಕ್ಷ್ಮಿಯನ್ನು ನೂಕಿದ ಹಾಗೆ. ಭಾವ ತಕರಾರು ತೆಗೆದರಂತೆ. ನುಗ್ಗಿ ಬರುವ ಜನರ ಒತ್ತಡಕ್ಕೆ ಒಳಕ್ಕೆ ತೆರೆಯುವ ಬಾಗಿಲು ತೆರೆಯುವುದೇ ಇಲ್ಲ, ಲಕ್ಷ್ಮಿ ಮುಂದಿನ ಬಾಗಿಲಿಂದ ಬರಲಿ ಎಂದು ಗುತ್ತಿಗೆದಾರನ ಕೈಯಲ್ಲಿ ಹೇಳಿ ಕಳಿಸಿದೆ. ಅಕ್ಕ ಫೋನ್ ಮಾಡುತ್ತಾಳೆ, ನನಗೆ ಶಾಸ್ತ್ರ ಹೇಳ್ತಿಯೇನು ಹುಚ್ಚಿ ಅನ್ನುತ್ತಾಳೆ ಎಂದು ಎರಡು ದಿನ ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಮೂರನೆಯ ದಿನ ಗುತ್ತಿಗೆದಾರ ಬಂದು, ಯಜಮಾನಿಬಾಯಿ ಒಪ್ಪಿದ್ದಾರೆ, ಯಜಮಾನರನ್ನೂ ಒಪ್ಪಿಸಿದ್ದಾರೆ ಅಂದ. ಬಾಗಿಲ ಮುಂದೆ ಬಟ್ಟೆಯ ಗಂಟು ಪೇರಿಸಬಾರದು ಅಂದೆ, ಒಪ್ಪಿದಳು. ಪರದೆ ಬೇಡ ಅಂದೆ, ಒಪ್ಪಿದಳು. ಬಿಜಾಗರಿ ಇಂಥದ್ದೇ ಅಂದೆ, ಅದಕ್ಕೂ ಹೂಂ ಅಂದಳಂತೆ. ಬಿಜಾಗರಿಯ ವಿಷಯದಲ್ಲಿ ಅಕ್ಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅಂದಾಗ ನನಗೆ ಊಟ ಸೇರಲಿಲ್ಲ.

ಬಾಗಿಲು ಕೂರಿಸಿದ ಮೇಲೆ ಒಮ್ಮೆ ನೋಡಿ ಬರುವುದು ನಮ್ಮ ಪದ್ಧತಿ. ಕೆಲಸದವನನ್ನು ಕಳಿಸಬಹುದಿತ್ತು, ನಾನೇ ಹೊರಟೆ. ಕಾಸಾರಶಿರಸಿ ದಾಟಿ ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರ ಮುಟ್ಟುವಾಗ ಮಧ್ಯಾಹ್ನ. ಅಂಗಡಿ ಆಗಲೇ ಶುರುವಾಗಿತ್ತು. ಅಕ್ಕ ಎದುರುಬಂದು ಬರ್ರಿ ಬರ್ರಿ ಅಂದಳು, ಚಹಾ ತರಿಸಿದಳು. ಮೂರನೆಯ ಮಜಲಿಗೆ ಹತ್ತಿದೆವು. ಸೀರೆ ತೋರಿಸುವ ಹುಡುಗಿಯರು ಏಳೆಂಟು ಜನ ಅಲ್ಲಿದ್ದರು. ಹಿಂಬಾಗಿಲು ನೋಡಿದರೆ ನನ್ನ ಹಗುರವಾದ ಬಾರಿಗೆ ಸರಪಳಿ ಸುತ್ತಿ ಒಂದು ದಪ್ಪ ಕೀಲಿ ಜಡಿದಿತ್ತು. ಹಿಂದಿನಿಂದ ಸೀರೆ ಸಾಗಿಸಿಯಾರು ಎಂದು ಭಾವ ಹಾಕಿಸಿದ್ದಂತೆ.

ನನ್ನ ತಲೆ ಕೆಟ್ಟಿತು. ಅಕ್ಕ ದೊಡ್ಡವಳು, ಇದು ಅವಳ ಅಂಗಡಿ, ಸುತ್ತ ಅವಳ ಆಳುಗಳಿದ್ದಾರೆ ಅನ್ನುವುದೆಲ್ಲ ಮರೆತುಹೋಯಿತು.

“ಬುದ್ಧಿ ಎಲ್ಲಿ ಇಟ್ಟಿ ಅಕ್ಕಾ? ಈ ಹುಡುಗ್ಯಾರು ಇಲ್ಲೇ ಸುಟ್ಟು ಸಾಯಬೇಕೇನು? ಒಂದ ಬಾಗಿಲಾ ನೋಡಕೊಳ್ಳಾಕ ಬರಲ್ಲೇನು ನಿನಗ?”

ಹುಡುಗಿಯರು ಸೀರೆ ಮಡಚುವುದನ್ನು ನಿಲ್ಲಿಸಿದರು. ನಾನು ಕಾದೆ. ನಿಜ ಹೇಳುತ್ತೇನೆ, ಬಾಗಿಲ ಚಿಂತೆ ಅರ್ಧವಾದರೆ ಇನ್ನರ್ಧ ಅದೇ ಆಸೆ: ಈಗ ಅವಳು ಸೆರಗು ಬಿಗಿದು ನಿಲ್ಲುತ್ತಾಳೆ, ನನ್ನ ತವರಿನಿಂದ ಹಿಡಿದು ಶುರುಮಾಡುತ್ತಾಳೆ.

ಅಕ್ಕ ಗಲ್ಲೆಯಿಂದ ಕೀಲಿಕೈ ತರಿಸಿದಳು. ಊದಿದ ಬೆರಳುಗಳಲ್ಲಿ ತಿರುಗಿಸಲು ಆಗಲಿಲ್ಲ, ನಾನೇ ತೆಗೆದೆ. “ತಪ್ಪಾತ್ರಿ. ಇನ್ನ ಮ್ಯಾಲ ಹಾಕಂಗಿಲ್ಲ” ಅಂದಳು. ಆ ಸರಪಳಿಯನ್ನು ಆಗಲೇ ಗುಜರಿಗೆ ಹಾಕಿಸಿದಳು, ಭಾವನಿಗೆ ಫೋನ್ ಮಾಡಿ ನನ್ನ ಎದುರಿಗೇ ಖಡಕ್ಕಾಗಿ ಹೇಳಿದಳು. ಬಾರನ್ನು ಮೊಣಕೈಯಿಂದ ಒತ್ತಿ ನೋಡು ಅಂದೆ. ಒತ್ತಿದಳು, ಬಾಗಿಲು ತೆರೆಯಿತು. ತೆರೆದ ಬಾಗಿಲ ಬಿಜಾಗರಿಯ ಮೇಲೆ ಅವಳ ಹೆಬ್ಬೆರಳು ತಾನಾಗಿ ಒಂದು ಸಲ ಓಡಿತು. ನಾನು ನೋಡುತ್ತಿರುವುದು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಚಲೋ ಸಾಮಾನು ಕಳಿಸೀರಿ ಅಂದಳು.

ಬಸ್‌ಸ್ಟ್ಯಾಂಡಿನವರೆಗೆ ನನ್ನ ಚೀಲ ಹಿಡಿದುಕೊಂಡು ಬಂದಳು, ಬೇಡವೆಂದರೂ ಕೇಳಲಿಲ್ಲ. ದೇವಣಿ ಮೇಲಿಂದ ಹೋಗುವ ನಿಲಂಗಾ ಬಸ್ಸು ನಿಂತಿತ್ತು. ಇನ್ನು ಹತ್ತಬೇಕು ಅನ್ನುವಾಗ ನನಗೆ ತಡೆಯಲಾಗಲಿಲ್ಲ.

“ಅವತ್ತ ಹಿರ್ಯಾರ ಮುಂದ ನಾ ಒಂದ ಮಾತ ಹೇಳಬೇಕಾಗಿತ್ತು. ಹೇಳಲಿಲ್ಲ. ಅದಕ್ಕಾದ್ರೂ ಒಂದ ಸಲ ಬೈ ಅಕ್ಕಾ ನನಗ. ಮೊದಲಿನಂಗ ಬೈ.”

ಅವಳು ಚೀಲವನ್ನು ಕೈ ಬದಲಿಸಿ ಹಿಡಿದಳು. ಏನೋ ಬಾಯಿವರೆಗೆ ಬಂದದ್ದು ನನಗೆ ಕಂಡಿತು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.

“ಬೈಯಬೇಕಂದ್ರ ಒಂದ ಮನ್ಯಾಗ ಇರಬೇಕಾಗ್ತದವ್ವಾ” ಅಂದಳು. “ಹೊರಗಿನವರಿಗಿ ಹ್ಯಾಂಗ ಬೈಲಿ?”

ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟು, ಸಾವಕಾಶ ಹೋಗ್ರಿ ಅಂದಳು.